ಒಂದೇ ಗುಂಡಿ ಒತ್ತಿದವಳು

ಹೆದರಿಕೆಯನ್ನು ಅಂಕಿಗೆ ಇಳಿಸುವುದು ನಮ್ಮ ಕಸುಬು. ಹೆದರಿಕೆ ಅಂದರೆ ಎದೆ ಹೊಡೆದುಕೊಳ್ಳುವುದಲ್ಲ, ಅದನ್ನು ಡಾಕ್ಟರುಗಳು ನೋಡಿಕೊಳ್ಳುತ್ತಾರೆ. ಹೆದರಿದ ಮನುಷ್ಯ ಏನನ್ನು ಮಾಡದೆ ಬಿಡುತ್ತಾನೆ, ಎಲ್ಲಿಗೆ ಹೋಗದೆ ಉಳಿಯುತ್ತಾನೆ, ಅದು ನಮಗೆ ಬೇಕು. ಲಿಫ್ಟ್ ಹತ್ತದವರು, ಫೋನ್ ಎತ್ತದವರು, ಬಾಗಿಲ ಹಿಡಿ ಮುಟ್ಟದವರು, ಹೀಗೆ ತಪ್ಪಿಸಿಕೊಂಡೇ ಬದುಕುವವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಆಟ ಆಡಿಸುತ್ತೇವೆ. ಆಟ ಮುಗಿದಾಗ ಪ್ರತಿಯೊಬ್ಬರೂ ಮೂರು ಅಂಕಿಗಳಾಗಿ ಹೊರಬರುತ್ತಾರೆ: ಮೊದಲಿಗೇ ಎಷ್ಟು ಅಂಜಿಕೆ ಇತ್ತು, ಅನುಭವದಿಂದ ಎಷ್ಟು ಬೇಗ ಕಲಿತರು, ಮನಸ್ಸು ಎಷ್ಟು ಚಂಚಲ. ಕೇಳಿದವರು "ಇಷ್ಟೇನಾ?" ಅನ್ನುತ್ತಾರೆ. ಹೌದು, ಇಷ್ಟೇ. ಹಾಲೆಂಡಿನ ಉತ್ತರದ ಈ ಗಾಳಿಯ ಊರಿನಲ್ಲಿ ನನ್ನ ಬ್ರೆಡ್ಡೂ ಚೀಸೂ ನಡೆಯುತ್ತಿರುವುದು ಇದರಿಂದಲೇ.

ಆಟ ಸರಳ. ಪರದೆಯ ಮೇಲೆ ಎರಡು ಬಾಗಿಲು, ಒಂದು ನೀಲಿ, ಒಂದು ಬೂದು. ಒಂದೊಂದಕ್ಕೆ ಒಂದೊಂದು ಗುಂಡಿ. ನೀಲಿ ಬಾಗಿಲಿನ ಮೇಲೆ ಪ್ರತಿ ಸಲ ಒಂದು ಚಿನ್ನದ ನಾಣ್ಯದ ಚಿತ್ರ, ಒಮ್ಮೆ ಚಿಕ್ಕದು, ಒಮ್ಮೆ ದೊಡ್ಡದು; ಬಾಗಿಲು ತೆಗೆದರೆ ಅದು ನಿಮ್ಮದಾಗುತ್ತದೆ, ಅಷ್ಟು ಅಂಕ ಸಿಗುತ್ತದೆ. ಆದರೆ ಒಮ್ಮೊಮ್ಮೆ ಮುಂಗೈಗೆ ಕಟ್ಟಿದ ತಂತಿಯಿಂದ ಚುರುಕ್ಕೆಂದು ಸಣ್ಣ ಕರೆಂಟು ಹೊಡೆಯುತ್ತದೆ. ಬೂದು ಬಾಗಿಲಿನಲ್ಲಿ ಅಂಕವೂ ಇಲ್ಲ, ಕರೆಂಟೂ ಇಲ್ಲ. ಆಡುವವರಿಗೆ ಹೇಳದ ಗುಟ್ಟು ಒಂದಿದೆ: ಅರ್ಧ ಆಟ ಆದ ಮೇಲೆ ನಾವು ಕರೆಂಟನ್ನು ಪೂರ್ತಿ ತೆಗೆದುಬಿಡುತ್ತೇವೆ. ತಂತಿ ಮಾತ್ರ ಕೈಯಲ್ಲೇ ಇರುತ್ತದೆ. ಧೈರ್ಯ ಮಾಡಿ ಆಗಾಗ ನೀಲಿ ಬಾಗಿಲು ತೆಗೆದವರಿಗೆ ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ, ಇನ್ನು ಹೊಡೆಯುವುದಿಲ್ಲ ಅಂತ. ತೆಗೆಯದವರಿಗೆ ತಿಳಿಯುವ ದಾರಿಯೇ ಇಲ್ಲ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರಲ್ಲ, ಮುಟ್ಟಿ ನೋಡದೆ ಅದು ಹಗ್ಗ ಅಂತ ಗೊತ್ತಾಗುವುದು ಹೇಗೆ?

ಫ್ರೌಕ್ಯೆಯನ್ನು ನಾನು ಮೊದಲು ಕಂಡಿದ್ದು ಇಲ್ಲಿನ ಬೇಸಿಗೆಯ ಕೊನೆಯಲ್ಲಿ, ಆಗಸ್ಟಿನಲ್ಲಿ, ಅವಳ ಅಡುಗೆಮನೆಯಲ್ಲಿ. ಅವಳು ನಮ್ಮ ವಿಭಾಗಕ್ಕೆ ಬರುವಂತಿರಲಿಲ್ಲ. ಮಧ್ಯೆ ಕಾಲುವೆ ಇತ್ತು, ಕಾಲುವೆಗೆ ಸೇತುವೆ ಇತ್ತು. ಮಗಳು ಸೈಕಲ್ಲಿನ ಮುಂದಿನ ಕುರ್ಚಿಯಲ್ಲಿ ಕೂರುವಷ್ಟು ಚಿಕ್ಕವಳಿದ್ದಾಗ ಒಂದು ದಿನ ಆ ಸೇತುವೆಯ ನಡುವೆ ಅವಳಿಗೆ ಉಸಿರು ಕಟ್ಟಿತು, ಕೈಕಾಲು ಮರಗಟ್ಟಿತು, ಇನ್ನೇನು ಸತ್ತೆ ಅನ್ನಿಸಿತು. ದೋಣಿ ಬಂದಾಗ ಸೇತುವೆಯನ್ನು ಎತ್ತಿ ಇಳಿಸುವ ಕಾವಲಿನವನು ತನ್ನ ಗೂಡಿನಿಂದ ಇಳಿದು ಬಂದು ಇಬ್ಬರನ್ನೂ ವಾಪಸ್ಸು ಈ ದಡಕ್ಕೆ ಬಿಟ್ಟ. ಅಂದಿನಿಂದ ಅವಳು ದಾಟಿಲ್ಲ. ಗಂಡ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ. ಅವಳು ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿದು ಜೀವನ ಮಾಡುತ್ತಿದ್ದಳು. ಮುಚ್ಚಿಡುವಂಥದ್ದು ನಮ್ಮ ಮನೆಯಲ್ಲೇನಿದೆ ಅಂತ ಕಿಟಕಿಗೆ ಪರದೆ ಎಳೆಯುವುದೇ ಅವಮಾನ ಅಂದುಕೊಂಡ ಊರಿನಲ್ಲಿ ಪರದೆ ಹೊಲಿಯುವುದು, ಪುಣ್ಯಾತ್ಗಿತ್ತಿ!

"ಈ ದಡದಲ್ಲಿ ಎಲ್ಲಾ ಇದೆ ಕಣ್ರೀ," ಅಂದಳು, ನಾನು ಲ್ಯಾಪ್‌ಟಾಪ್ ಬಿಚ್ಚುತ್ತಿದ್ದಾಗ. "ಅಂಗಡಿ ಇದೆ, ಸ್ಕೂಲಿದೆ, ಹಲ್ಲಿನ ಡಾಕ್ಟ್ರು ಇದಾರೆ. ಸತ್ರೆ ಹೂಳೋಕೆ ಜಾಗಾನೂ ಇದೆ. ಇಲ್ದೆ ಇರೋದು ಈಜುಕೊಳ ಒಂದೇ."

"ಈಜುಕೊಳ ಯಾಕೆ ಬೇಕು?"

"ಯಾಕೆ ಬೇಕಾ? ನವೆಂಬರಲ್ಲಿ ನನ್ನ ಮಗಳು ನೀಂಕೆಯ ಈಜಿನ ಪರೀಕ್ಷೆ. ಪಕ್ಕದ್ಮನೆ ಗೇರ್ಟ್ ಮಾವ ಪ್ರತಿ ವಾರ ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ. ಅವಳು ನೀರಲ್ಲಿ ಹೇಗಿರ್ತಾಳೆ ಅಂತ ನಾನು ಒಂದ್ಸಲಾನೂ ನೋಡಿಲ್ಲ. ಆ ದಿನ ನಾನು ಅಲ್ಲಿರ್ಬೇಕು. ಅದಕ್ಕೇ ನಿಮ್ಮ ಆಟಕ್ಕೆ ಒಪ್ಕೊಂಡಿದ್ದು. ಇಲ್ದಿದ್ರೆ ಬೇಕು ಅಂತ ಯಾರ್ರೀ ಕರೆಂಟ್ ಹೊಡೆಸ್ಕೋತಾರೆ?"

ನಮ್ಮಲ್ಲಿ ಮಗು ಓದು ತಡವಾಗಿ ಕಲಿತರೂ ನಡೆದೀತು, ಈಜು ತಡವಾಗುವಂತಿಲ್ಲ. ಹೊಸ್ತಿಲು ದಾಟಿದರೆ ನೀರು. ಪರೀಕ್ಷೆಯ ದಿನ ಮಕ್ಕಳು ಅಂಗಿ, ಪ್ಯಾಂಟು, ಬೂಟು ಹಾಕಿಕೊಂಡೇ ನೀರಿಗೆ ಹಾರಬೇಕು, ಕಾಲುವೆಗೆ ಬೀಳುವಾಗ ಯಾರೂ ಬಟ್ಟೆ ಬಿಚ್ಚಿಟ್ಟು ಬೀಳುವುದಿಲ್ಲವಲ್ಲ. ಆ ದಿನ ಕೊಳದ ಬದಿಯಲ್ಲಿ ಅಪ್ಪ ಅಮ್ಮ ನಿಂತಿರದ ಮಗುವನ್ನು ನಾನು ಕಂಡಿಲ್ಲ.

ನಮ್ಮ ಅಧ್ಯಯನದಿಂದ ಅವಳಿಗೆ ಸಿಗಬೇಕಾಗಿದ್ದು ಒಬ್ಬ ಜೊತೆಗಾರ ಚಿಕಿತ್ಸಕ. ಅವನು ವಾರಗಟ್ಟಲೆ ರೋಗಿಯ ಪಕ್ಕದಲ್ಲೇ ನಡೆದು, ಅವರು ಯಾವುದರಿಂದ ಓಡುತ್ತಾರೋ ಅದರ ಎದುರಿಗೇ ನಿಲ್ಲಿಸುತ್ತಾನೆ. ಬೇರೆ ಕಡೆ ಅಂಥವನು ಸಿಗಬೇಕಾದರೆ ಮುಂದಿನ ವರ್ಷದ ತನಕ ಕಾಯಬೇಕು. ನಮ್ಮಲ್ಲಿ ಕೂಡಲೇ ಸಿಗುತ್ತಿದ್ದ, ಆದರೆ ಆಟ ಆಡಿ ಮೂರು ಅಂಕಿ ಪಡೆದವರಿಗೆ ಮಾತ್ರ. ಆ ಅಂಕಿ ನೋಡಿಯೇ ಯಾರಿಗೆ ಯಾವ ಬಗೆಯ ಚಿಕಿತ್ಸೆ ಅಂತ ಕಂಪ್ಯೂಟರು ಹಂಚುತ್ತಿತ್ತು.

ಆಟಕ್ಕೆ ಮೊದಲು ಕರೆಂಟಿನ ರುಚಿ ತೋರಿಸಲು ಒಮ್ಮೆ ಹೊಡೆಸುತ್ತೇವೆ. ಅವಳು "ಅಯ್ಯಮ್ಮಾ" ಅಂದಳು, ಮುಂಗೈ ಉಜ್ಜಿಕೊಂಡಳು, ಶುರು ಮಾಡಿ ಅಂದಳು. ಆಮೇಲೆ ಬೂದು ಬಾಗಿಲು ತೆಗೆದಳು. ಮತ್ತೆ ಬೂದು. ಮತ್ತೆ ಬೂದು. ಬೆವರು ಹಣೆಯಿಂದ ಗಲ್ಲಕ್ಕೆ ಇಳಿಯಿತು. ನಡುವೆ ಬಿಡುವಿನಲ್ಲಿ ಎದ್ದು ನನಗೆ ಕಾಫಿ ಮಾಡಿಕೊಟ್ಟಳು, ಬಿಸ್ಕತ್ತಿನ ಡಬ್ಬಿ ತೆಗೆದು ಒಂದೇ ಒಂದು ಕೊಟ್ಟು ಮುಚ್ಚಿದಳು, ಮತ್ತೆ ಬಂದು ಕೂತು ಬೂದು ಬಾಗಿಲು ತೆಗೆದಳು. ಆಟ ಮುಗಿಯುವ ತನಕ ನೀಲಿ ಗುಂಡಿಗೆ ಅವಳ ಬೆರಳು ಸೋಕಲಿಲ್ಲ.

ಮರುದಿನ ಕಂಪ್ಯೂಟರು ಅವಳನ್ನು ಹೊರಗೆ ಹಾಕಿತು. ಕಾರಣ: "ಗಮನವಿಟ್ಟು ಆಡಿಲ್ಲ."

ಈ ನಿಯಮದ ಹುಟ್ಟು ಹೇಳಿದರೆ ನಗು ಬರುತ್ತದೆ. ಮೊದಲು ಈ ಆಟವನ್ನು ಆಡಿಸಿದ್ದು ಕಾಲೇಜು ಹುಡುಗರ ಮೇಲೆ. ಅವರು ಹಾಜರಿ ಅಂಕಕ್ಕೆ ಬರುವವರು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಒಂದೇ ಗುಂಡಿಯನ್ನು ಟಕಟಕ ಒತ್ತಿ ಎದ್ದು ಹೋಗುತ್ತಿದ್ದರು. ಅಂಥವರನ್ನು ಸೋಸಲು ಬರೆದ ನಿಯಮ: ಮೊದಲಿಂದ ಕೊನೆವರೆಗೆ ಒಂದೇ ಗುಂಡಿ ಒತ್ತಿದವರು ಲೆಕ್ಕಕ್ಕಿಲ್ಲ. ಹುಡುಗರಿಗೆ ಅದು ಸರಿಯೇ. ಆಮೇಲೆ ಆಟ ಆಸ್ಪತ್ರೆಗೆ ಬಂತು, ನಿಯಮವೂ ಅದರ ಬಾಲ ಹಿಡಿದು ಬಂತು. ತಪ್ಪಿಸಿಕೊಳ್ಳುವ ಕಾಯಿಲೆಯನ್ನು ಅಳೆಯಲು ಹೊರಟ ನಾವು, ಎಲ್ಲರಿಗಿಂತ ಹೆಚ್ಚು ತಪ್ಪಿಸಿಕೊಳ್ಳುವವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತಿದ್ದೆವು. ಯಾರಿಗೂ ಕಾಣಲಿಲ್ಲ, ಏಕೆಂದರೆ ಹೊರಗೆ ಹೋದವರು ಚಿತ್ರದಲ್ಲೇ ಬರುವುದಿಲ್ಲ. ಆ ಮೂರು ಅಂಕಿ ತೆಗೆಯುವ ನಮ್ಮ ಗಣಿತದ ಮಾದರಿ ಮಾತ್ರ ಜನರ ಆಟಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ ಅಂತ ಹೋದಲ್ಲೆಲ್ಲ ಹೊಗಳಿಸಿಕೊಂಡೆವು.

ನಾನು ಅವಳ ಆಟದ ಕಡತವನ್ನು ಬಿಚ್ಚಿ ನೋಡಿದೆ. ಯಾವ ಗುಂಡಿ ಅನ್ನುವುದರ ಜೊತೆಗೆ, ಒತ್ತಲು ಎಷ್ಟು ಹೊತ್ತು ತೆಗೆದುಕೊಂಡರು ಅನ್ನುವುದೂ ಅದರಲ್ಲಿ ಇರುತ್ತದೆ. ನಾವು ಅದನ್ನು ನೋಡುತ್ತಿರಲಿಲ್ಲ, ನಮ್ಮ ಮಾದರಿಗೆ ಬೇಕಿರಲಿಲ್ಲ. ಹುಡುಗರ ಬೆರಳು ಹೊಲಿಗೆ ಯಂತ್ರದ ಸೂಜಿಯಂತೆ ಒಂದೇ ವೇಗದಲ್ಲಿ ಬಿದ್ದಿತ್ತು. ಫ್ರೌಕ್ಯೆಯ ಬೆರಳು ಹಾಗಲ್ಲ. ಪ್ರತಿ ಸಲ ತಡೆದಿತ್ತು. ನಾಣ್ಯ ದೊಡ್ಡದಾದರೆ ಇನ್ನೂ ತಡೆದಿತ್ತು. ಆಟ ಮುಂದುವರಿದಂತೆ ಆ ತಡೆ ಬೆಳೆಯುತ್ತ ಹೋಗಿತ್ತು. ಇದು ಗಮನವಿಲ್ಲದವರ ಲಕ್ಷಣವಲ್ಲ. ಇವಳು ಪ್ರತಿ ಸಲವೂ ನೀಲಿ ಬಾಗಿಲಿಗೆ ಹೊರಟಿದ್ದಳು, ಪ್ರತಿ ಸಲವೂ ಸೋತು ಹಿಂದಿರುಗಿದ್ದಳು, ಮತ್ತೆ ಹೊರಟಿದ್ದಳು.

ನಮ್ಮ ವಿಭಾಗದ ಯಜಮಾನ ವೊಬ್ಬೆ. ಪ್ರೊಫೆಸರು, ಎತ್ತರದ ಆಳು, ಒಳ್ಳೆಯವನೇ. ಮಧ್ಯಾಹ್ನ ಎರಡು ತುಂಡು ಬ್ರೆಡ್ಡಿಗೆ ಚೀಸು ಹಾಕಿಕೊಂಡು, ಒಂದು ಲೋಟ ಮಜ್ಜಿಗೆ ಕುಡಿಯುವಾಗ ಅವನ ಎದುರಿಗೆ ಕಡತ ಇಟ್ಟೆ.

ಅವನು ಅಗಿಯುತ್ತಲೇ ನೋಡಿದ. "ಚೆನ್ನಾಗಿದೆ ಹಿಲ್ಕೆ. ಬಹಳ ಚೆನ್ನಾಗಿದೆ. ಮುಂದಿನ ಅಧ್ಯಯನಕ್ಕೆ ಹಾಕ್ಕೊಳ್ಳೋಣ."

"ಮುಂದಿನದ್ದಕ್ಕಾ? ಈಕೆ ಈಗ ಹೊರಗೆ ಬಿದ್ದಿದಾಳೆ ವೊಬ್ಬೆ. ಇವಳನ್ನ ಒಳಗೆ ತಗೋ."

"ಹೇಗೆ ತಗೊಳ್ಳಲಿ ಮಾರಾಯ್ತಿ? ಯೋಜನೆ ಮೊದಲೇ ಬರೆದು ಸೀಲು ಹಾಕಿ ಇಟ್ಟಿದೀವಿ. ಯಾರು ಒಳಗೆ, ಯಾರು ಹೊರಗೆ ಅಂತ ಅಲ್ಲೇ ಇದೆ. ಆಟದ ಮಧ್ಯ ನಿಯಮ ತಿದ್ದಿದ್ರೆ ಅದು ವಿಜ್ಞಾನ ಅಲ್ಲ, ಇಸ್ಪೀಟು."

"ನಿಯಮಾನೇ ತಪ್ಪಾಗಿದ್ರೆ?"

"ತಪ್ಪಾಗಿದೆ. ಒಪ್ತೀನಿ. ಆದ್ರೆ ಇವತ್ತು ಒಬ್ಬಳು ಬೆವರಿದ್ಲು ಅಂತ ಬದಲಿಸಿದ್ರೆ, ನಾಳೆ ನಮಗೆ ಬೇಕಾದೋರನ್ನೆಲ್ಲ ಒಳಗೆ ಬಿಡ್ತೀವಿ, ಬೇಡದೋರನ್ನ ಹೊರಗೆ ಹಾಕ್ತೀವಿ. ನಮ್ಮ ಮನಶ್ಶಾಸ್ತ್ರದ ಜನ ಹಾಗೆ ಮಾಡಿ ಮಾಡಿ ತಾನೆ ಊರಿಗೆಲ್ಲ ನಗೆಪಾಟಲು ಆಗಿದ್ದು?"

ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಮೈ ಉರಿಯಿತು. ತಪ್ಪು ಮಾತಿಗೆ ಸಿಟ್ಟು ಬಂದರೆ ಜಗಳ ಆಡಿ ಹಗುರಾಗಬಹುದು, ಸರಿ ಮಾತಿಗೆ ಬಂದ ಸಿಟ್ಟನ್ನು ಎಲ್ಲಿಗೆ ಒಯ್ಯುವುದು? "ಮಜ್ಜಿಗೆ ಮೀಸೆಗೆ ಹತ್ತಿದೆ, ಒರೆಸ್ಕೋ," ಅಂತ ಹೇಳಿ ಎದ್ದು ಬಂದೆ.

ಅಧ್ಯಯನಗಳ ನೀತಿ ನಿಯಮ ನೋಡಿಕೊಳ್ಳುವ ಸಮಿತಿಗೆ ಬರೆದೆ. ಸಮಿತಿ ಸಭೆ ಸೇರಿತು, ಇನ್ನೊಂದು ಸಭೆ ಸೇರಬೇಕೆಂದು ತೀರ್ಮಾನಿಸಿತು. ಇತ್ತ ಫ್ರೌಕ್ಯೆ ಫೋನು ಮಾಡಿದಾಗಲೆಲ್ಲ "ನೋಡೋಣ, ಇನ್ನೂ ಗೊತ್ತಾಗಿಲ್ಲ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಿದ್ದೆ. ಒಂದು ದಾರಿ ಇತ್ತು. ಅವಳ ಕಡತದಲ್ಲಿ ಒಂದೇ ಒಂದು ಕಡೆ ಸೊನ್ನೆ ಅಳಿಸಿ ಒಂದು ಅಂತ ಬರೆದಿದ್ದರೆ, ಅಂದರೆ ಅವಳು ಒಂದು ಸಲ ನೀಲಿ ಗುಂಡಿ ಒತ್ತಿದಳು ಅಂತ ಮಾಡಿದ್ದರೆ, ಕಂಪ್ಯೂಟರು ತಕರಾರಿಲ್ಲದೆ ಒಳಗೆ ಬಿಡುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಕಡತ ತೆರೆದೆ, ಮುಚ್ಚಿದೆ. ದೊಡ್ಡತನವೇನಲ್ಲ. ಅವಳು ಒತ್ತಲಿಲ್ಲ ಅನ್ನುವುದೊಂದೇ ಅವಳ ಬಗ್ಗೆ ನಮಗೆ ಗೊತ್ತಿದ್ದ ನಿಜ, ಅದನ್ನೂ ಸುಳ್ಳು ಮಾಡಲು ಮನಸ್ಸಾಗಲಿಲ್ಲ. ಅಕ್ಟೋಬರಿನ ಕೊನೆಗೆ ಸಮಿತಿಯ ಉತ್ತರ ಬಂತು: ಸಲಹೆ ಅಮೂಲ್ಯ, ಮುಂದಿನ ಅಧ್ಯಯನದಲ್ಲಿ ಪರಿಗಣಿಸಲಾಗುವುದು.

ಅಧ್ಯಯನದಿಂದ ಹೊರಬಿದ್ದವರಿಗೆ ನಾವು ಮುಚ್ಚಿಟ್ಟಿದ್ದನ್ನೆಲ್ಲ ಹೇಳಲೇಬೇಕು. ಒಳಗಿರುವವರಿಗೆ ಮಾತ್ರ ಹೇಳುವಂತಿಲ್ಲ. ಹಾಗಾಗಿ ಸೈಕಲ್ಲು ಹತ್ತಿ ಮತ್ತೆ ಆ ಅಡುಗೆಮನೆಗೆ ಹೋದೆ.

"ಅಂದ್ರೆ ನಾನು ಫೇಲಾ?" ಅಂದಳು ಫ್ರೌಕ್ಯೆ. ಮಡಿಲಲ್ಲಿ ಹಳದಿ ಬಟ್ಟೆ, ಬಾಯಲ್ಲಿ ಗುಂಡುಸೂಜಿ.

"ಫೇಲ್ ಅಲ್ಲ. ನೀವು ನಮ್ಮ ಲೆಕ್ಕಕ್ಕೆ ಸಿಗಲಿಲ್ಲ."

"ನನ್ನ ಗಂಡಾನೂ ಹೆಚ್ಚು ಕಮ್ಮಿ ಇದನ್ನೇ ಹೇಳಿ ಹೋದ." ಗುಂಡುಸೂಜಿ ತೆಗೆದು ಡಬ್ಬಿಗೆ ಹಾಕಿದಳು. "ಹಾಗಾದ್ರೆ ಆ ಜೊತೆಗಾರ ಬರಲ್ಲ. ಸೇತುವೆ ಹತ್ರ ಕರ್ಕೊಂಡು ಹೋಗಲ್ಲ."

"ಬರಲ್ಲ."

ಅವಳ ಭುಜ ಇಳಿಯಿತು. ಮುಖ ತಿಳಿಯಾಯಿತು. ದುಃಖವಲ್ಲ, ನೆಮ್ಮದಿ! "ಸದ್ಯ, ಬಿಡಿ," ಅಂದಳು. "ದಿನಾ ಬೆಳಿಗ್ಗೆ ಎದ್ರೆ ಅದೇ ಯೋಚನೆ ಆಗಿತ್ತು, ಇವತ್ತು ಫೋನ್ ಬಂದ್ರೆ ಹೋಗ್ಬೇಕಲ್ಲಾ ಅಂತ. ನಾನೇನೂ ಬೇಡ ಅನ್ನಲಿಲ್ಲ, ನೀವೇ ಬೇಡ ಅಂದ್ರಿ. ನೀಂಕೆಗೂ ಹಾಗೇ ಹೇಳ್ತೀನಿ." ಎದ್ದು ಡಬ್ಬಿ ತೆಗೆದು ನನಗೆ ಎರಡನೆಯ ಬಿಸ್ಕತ್ತು ಕೊಟ್ಟಳು. ನಮ್ಮ ಕಡೆ ಎರಡನೆಯ ಬಿಸ್ಕತ್ತು ಕೊಡುವುದೆಂದರೆ ಹಬ್ಬವೇ.

ಈ ನೆಮ್ಮದಿಯನ್ನು ನಾನು ಸಾವಿರ ಸಲ ಅಂಕಿಯಾಗಿ ಕಂಡಿದ್ದೇನೆ. ತಪ್ಪಿಸಿಕೊಂಡ ಕೂಡಲೇ ಸಿಗುವ ಈ ಹಾಯೆನ್ನುವ ಸುಖವೇ ಮುಂದಿನ ಸಲವೂ ತಪ್ಪಿಸಿಕೊಳ್ಳುವಂತೆ ಮಾಡುತ್ತದೆ. ಕಾಯಿಲೆಗೆ ಹಾಲೆರೆಯುವುದು ಅದೇ. ಅಂಕಿಯಾಗಿ ನೋಡುವುದು ಬೇರೆ, ಎದುರಿಗೆ ಕೂತು ಬಿಸ್ಕತ್ತು ತಿನ್ನುತ್ತ ನೋಡುವುದು ಬೇರೆ. ನನಗೆ ಬಹಳ ಕೆಟ್ಟದೆನಿಸಿತು.

"ಇನ್ನೊಂದು ಹೇಳೋದಿದೆ," ಅಂದೆ. "ಆಟ ಅರ್ಧ ಆದ್ಮೇಲೆ ನಾವು ಕರೆಂಟ್ ತೆಗೆದುಹಾಕಿದ್ವಿ."

"ಯಾವಾಗ?"

"ನೀವು ಕಾಫಿ ಮಾಡೋಕೆ ಎದ್ರಲ್ಲ, ಆಗ."

"ಅದಾದ್ಮೇಲೆ ನೀಲಿ ಒತ್ತಿದ್ರೆ?"

"ನಾಣ್ಯ ಬರ್ತಿತ್ತು, ಅಷ್ಟೇ. ಒಂದು ಸಲಾನೂ ಹೊಡೀತಿರ್ಲಿಲ್ಲ."

ಅವಳು ತನ್ನ ಮುಂಗೈ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಕೆನ್ನೆ ಕೆಂಪಾಯಿತು.

"ಹಾಳಾದೋಳೇ! ಕೈಗೆ ತಂತಿ ಕಟ್ಕೊಂಡು, ಬೆವರು ಸುರಿಸ್ಕೊಂಡು, ದೇವರೇ ದೇವರೇ ಅಂತ ಕೂತಿದ್ದೆ ನಾನು. ಎದುರಿಗೆ ಕೂತು ನೋಡ್ತಾ ಇದ್ದೆಯಲ್ಲೇ! ಅದೂ ನನ್ನ ಕಾಫಿ ಕುಡ್ಕೊಂಡು!"

"ಹೇಳೋ ಹಾಗಿರಲಿಲ್ಲ."

"ಹೇಳೋ ಹಾಗಿರಲಿಲ್ವಂತೆ! ನಿಂಗೆ ಅಳೆಯೋದು ಬಿಟ್ರೆ ಇನ್ನೇನಾದ್ರೂ ಬರುತ್ತಾ?"

"ಇಲ್ಲ," ಅಂದೆ. ನಿಜವಾಗಿಯೂ ಬರುವುದಿಲ್ಲ.

ಅವಳು ಎದ್ದು ಕಿಟಕಿಯ ಹತ್ತಿರ ನಿಂತಳು. ಅಲ್ಲಿಂದ ಸೇತುವೆ ಕಾಣುತ್ತದೆ.

"ಸೇತುವೇನೂ ಹಾಗೇನಾ? ಅಲ್ಲೂ ಕರೆಂಟ್ ತೆಗೆದುಬಿಟ್ಟಿದಾರಾ?"

ಹೌದು ಅಂದುಬಿಡಬಹುದಿತ್ತು. "ಸೇತುವೆಗೆ ತಂತಿ ಕಟ್ಟಿದ್ದು ನಾನಲ್ಲ," ಅಂದೆ. "ಎದೆ ಹೊಡ್ಕೊಳ್ಳುತ್ತೆ, ಅದಂತೂ ಗ್ಯಾರಂಟಿ. ಎಷ್ಟು ಹೊತ್ತು ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಯಾಕಂದ್ರೆ ಅದು ಮುಗಿಯೋ ತನಕ ನೀನು ಒಂದ್ಸಲಾನೂ ಅಲ್ಲಿ ನಿಂತಿಲ್ಲ." ಆಮೇಲೆ ಲ್ಯಾಪ್‌ಟಾಪ್ ತೆಗೆದು ಅವಳ ಬೆರಳು ತಡೆದ ಹೊತ್ತನ್ನು ತೋರುವ ಗೆರೆಯನ್ನು ತೋರಿಸಿದೆ. "ಇದು ನೀನು."

"ಇದೇನು, ಏರ್ತಾ ಹೋಗಿದೆ? ಇಷ್ಟು ನಿಧಾನನಾ ನಾನು?"

"ನಿಧಾನ ಅಲ್ಲ. ಪ್ರತಿ ಸಲ ನೀಲಿ ಒತ್ತಬೇಕು ಅಂತ ಆಸೆ ಪಟ್ಟಿದೀಯ. ಹೆದರಿಕೆ ಜೊತೆ ಗುದ್ದಾಡಿದೀಯ. ಸೋತಿದೀಯ, ಅದು ಬೇರೆ ಮಾತು. ಕೊನೆ ಕೊನೆಗೆ ಸ್ವಲ್ಪದ್ರಲ್ಲೇ ಸೋತಿದೀಯ."

ಅವಳು ಗೆರೆಯ ಮೇಲೆ ಬೆರಳಿಟ್ಟಳು. "ನಂಗೆ ಆಸೆಯೇ ಇಲ್ಲ ಅಂತ ಎಲ್ಲರೂ ಅಂದ್ಕೊಂಡಿದಾರೆ," ಅಂದಳು. "ನೀಂಕೇನೂ ಅಂದ್ಕೊಂಡಿದಾಳೆ." ಹಳದಿ ಬಟ್ಟೆಯಲ್ಲಿ ಮುಖ ಒರೆಸಿಕೊಂಡಳು. ನಾನು ಸಮಾಧಾನ ಹೇಳಲಿಲ್ಲ, ನನಗೆ ಬಾರದ ಕೆಲಸಕ್ಕೆ ಕೈ ಹಾಕುವುದು ನನಗೆ ಆಗದು.

ಪರೀಕ್ಷೆಯ ಹಿಂದಿನ ದಿನ ಅವಳ ಫೋನು ಬಂತು. "ನಾಳೆ ಸೇತುವೆ ಆ ಕಡೆ ತುದೀಲಿ ಬಂದು ನಿಂತ್ಕೋ. ಕೈ ಹಿಡಿಯೋದು, ಧೈರ್ಯ ಹೇಳೋದು ಏನೂ ಬೇಡ. ಸುಮ್ನೆ ನಿಂತ್ಕೊಂಡು ನೋಡು. ಅದಂತೂ ಬರುತ್ತಲ್ಲ ನಿಂಗೆ."

ವೊಬ್ಬೆಗೆ ಹೇಳಿದಾಗ ತಲೆ ಚಚ್ಚಿಕೊಂಡ. "ನೀನು ಚಿಕಿತ್ಸಕಿ ಅಲ್ಲ ಹಿಲ್ಕೆ. ಅವಳು ಅಲ್ಲಿ ಕುಸಿದು ಬಿದ್ರೆ?"

"ಎತ್ತೋಕೆ ಪದವಿ ಬೇಕಾ?" ಅಂದೆ.

ಶನಿವಾರ ಹಸಿ ಗಾಳಿ ಬೀಸುತ್ತಿತ್ತು. ಗೇರ್ಟ್ ಮಾವ ನೀಂಕೆಯನ್ನು ಮೊದಲೇ ಕರೆದುಕೊಂಡು ಹೋಗಿದ್ದ. ನಾನು ಹೇಳಿದ ಜಾಗದಲ್ಲಿ ನಿಂತೆ. ಫ್ರೌಕ್ಯೆ ಎದುರು ದಡಕ್ಕೆ ಬಂದಳು, ಹಸಿರು ಕೋಟು ತೊಟ್ಟಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ಅಡ್ಡಕೋಲು ಇಳಿಯಿತು, ಸೇತುವೆ ಎದ್ದು ನಿಂತಿತು. ಮರಳು ತುಂಬಿದ ದೋಣಿಯೊಂದು ಬಸುರಿಯ ಹಾಗೆ ನಿಧಾನವಾಗಿ ಹಾದುಹೋಯಿತು. ನನಗೆ ಶಾಪ ಹಾಕುವಷ್ಟು ಸಿಟ್ಟು ಬಂತು. ತಪ್ಪಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಸೇತುವೆ ತೆರೆದಿತ್ತು, ತಡವಾಯಿತು, ವಾಪಸ್ಸು ಬಂದೆ. ಯಾರೂ ತಪ್ಪೆನ್ನುವುದಿಲ್ಲ.

ಸೇತುವೆ ಇಳಿಯಿತು. ಕಾದಿದ್ದ ಸೈಕಲ್ಲುಗಳೆಲ್ಲ ನುಗ್ಗಿ ಬಂದವು. ಅವಳು ಅಲ್ಲೇ ನಿಂತಿದ್ದಳು. ಎಲ್ಲರೂ ದಾಟಿ ಸೇತುವೆ ಬರಿದಾದ ಮೇಲೆ ಕಾಲು ಮುಂದಿಟ್ಟಳು. ನಡುವಿನವರೆಗೆ ಬಂದಳು, ಕಂಬಿ ಹಿಡಿದಳು, ನಿಂತುಬಿಟ್ಟಳು. ಬಾಯಿ ತೆರೆದು ಉಸಿರು ಎಳೆಯುವುದು ನನಗೆ ಕಾಣುತ್ತಿತ್ತು. ಮುಖ ಸುಣ್ಣದ ಗೋಡೆಯಂತಾಗಿತ್ತು. ಹಿಂದಕ್ಕೆ ತಿರುಗಿದಳು. ಆ ದಡ ನೋಡಿದಳು, ಈ ದಡ ನೋಡಿದಳು. ಎರಡೂ ಅಷ್ಟೇ ದೂರ.

ನಾನು ಕದಲಲಿಲ್ಲ. ಕಾಲು ಓಡು ಅನ್ನುತ್ತಿತ್ತು, ಆದರೂ ಕದಲಲಿಲ್ಲ.

ಅವಳ ಹಿಂದಿನಿಂದ ಬಂದ ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿದ. "ಏನ್ರೀ, ದಾರಿ ಮಧ್ಯ ನಿಂತ್ರೆ ಹೇಗೆ? ಹೋಗೋದಾದ್ರೆ ಹೋಗಿ, ಬರೋದಾದ್ರೆ ಬನ್ನಿ!"

"ದಾಟ್ತಾ ಇದೀನಿ, ಕಣ್ಣು ಕಾಣಲ್ವಾ?" ಅಂತ ಫ್ರೌಕ್ಯೆ ಕೂಗಿದಳು. ಕಾಲುವೆಯ ಬಾತುಗಳು ಬೆದರಿ ಎದ್ದವು.

ದಾಟುತ್ತಿರಲಿಲ್ಲ, ನಿಂತೇ ಇದ್ದಳು. ಅಲ್ಲೇ, ನಟ್ಟನಡುವೆ, ಕಂಬಿ ಹಿಡಿದು, ಅದು ಬಂದು ಹೋಗುವ ತನಕ ನಿಂತಳು. ಎದೆಯ ಏರಿಳಿತ ಸಣ್ಣಗಾಯಿತು. ಕಂಬಿಯ ಮೇಲಿನ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದು. ನನ್ನ ಹತ್ತಿರ ಬಂದಾಗ ಹಲ್ಲು ಕಟಕಟ ಅನ್ನುತ್ತಿತ್ತು.

"ಅದು ಮುಗಿಯುತ್ತೆ ಕಣೇ," ಅಂದಳು. "ಥೂ, ಇಷ್ಟು ವರ್ಷ! ಅದು ಮುಗಿಯುತ್ತೆ!" ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು. "ನಡಿ, ತಡ ಆಯ್ತು."

ಈಜುಕೊಳದ ಬಾಗಿಲಲ್ಲಿ, ನೆಲ ಕೊಳೆಯಾಗದಿರಲಿ ಅಂತ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ಒಳಗೆ ಹೋದೆವು. ಬಿಸಿ ಗಾಳಿ, ಔಷಧಿ ನೀರಿನ ವಾಸನೆ, ಅಪ್ಪ ಅಮ್ಮಂದಿರ ಸಾಲು. ಮಕ್ಕಳು ಅಂಗಿ ಬೂಟು ತೊಟ್ಟು ಅಂಚಿನಲ್ಲಿ ನಿಂತಿದ್ದರು. ಕೊನೆಯಲ್ಲಿ ನಿಂತ ಕೆಂಪು ಅಂಗಿಯ ತೆಳ್ಳನೆ ಹುಡುಗಿ ನಮ್ಮನ್ನು ಕಂಡಳು. ಕಣ್ಣು ಅಗಲವಾಯಿತು. ಓಡಿ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ನಿಂತಲ್ಲೇ ಬೂಟು ನೋಡಿಕೊಂಡಳು.

ಉದ್ದ ಕೋಲು ಹಿಡಿದ ಈಜು ಟೀಚರು ನಮ್ಮ ಕಡೆ ನೋಡಿ ನಕ್ಕಳು. "ನೀಂಕೆ, ನಿಂಗೋಸ್ಕರ ಯಾರೋ ಬಂದಿದಾರೆ! ಯಾರಮ್ಮ ಇವರು?"

"ಚಿಕ್ಕಮ್ಮ," ಅಂದಳು ನೀಂಕೆ.

"ಓಹೋ! ಅಮ್ಮ ಇನ್ನೂ ಹಡಗಲ್ಲೇ ಇದಾರಾ?" ಟೀಚರು ಫ್ರೌಕ್ಯೆಯ ಕಡೆ ತಿರುಗಿದಳು. "ನಿಮ್ಮಕ್ಕ ಹಡಗಿನ ಕ್ಯಾಪ್ಟನ್ ಅಂತೆ, ನಾರ್ವೆ ಕಡೆ. ನಮಗೆಲ್ಲ ಅದೇ ಕತೆ ದಿನಾ. ಬರೋಕಾಗಲ್ಲ ಪಾಪ, ಅಲ್ವಾ?"

ಗೇರ್ಟ್ ಮಾವ ಮೂಲೆಯಲ್ಲಿ ಕಾಫಿ ಲೋಟದೊಳಗೆ ಮುಖ ಹುದುಗಿಸಿದ. ನಾನು ಬಾಯಿ ತೆರೆದೆ, ಫ್ರೌಕ್ಯೆ ನನ್ನ ತೋಳನ್ನು ಹಿಂಡಿದಳು. ಸೇತುವೆಯ ಮೇಲೆ ಹೋಗದಿದ್ದ ಬಣ್ಣವೂ ಈಗ ಅವಳ ಮುಖದಿಂದ ಹೋಯಿತು. ಬಾಗಿಲು ಹಿಂದೆಯೇ ಇತ್ತು. ತಿರುಗಿ ಹೋಗಿಬಿಡುತ್ತಾಳೆ ಅನ್ನಿಸಿತು. ಬಹಳ ಹೊತ್ತು ತೆಗೆದುಕೊಂಡಳು.

"ಹೌದು," ಅಂದಳು. "ನಾನು ಚಿಕ್ಕಮ್ಮ."

ಟೀಚರು ಸೀಟಿ ಊದಿದಳು. ಮಕ್ಕಳು ಒಬ್ಬೊಬ್ಬರಾಗಿ ದಬಾರನೆ ಹಾರಿದರು. ನೀಂಕೆಯೂ ಹಾರಿದಳು. ನೀರಿನೊಳಗೆ ಇಳಿಬಿಟ್ಟ ದಪ್ಪ ಬಟ್ಟೆಯಲ್ಲಿ ಒಂದು ತೂತು ಇರುತ್ತದೆ, ಮುಳುಗಿ ಅದರೊಳಗೆ ತೂರಿ ಬರಬೇಕು. ಅವಳು ಮುಳುಗಿದಾಗ ಫ್ರೌಕ್ಯೆಯ ಬೆರಳುಗಳು ನನ್ನ ತೋಳಿನೊಳಕ್ಕೆ ಇಳಿದವು. ಕೆಂಪು ಅಂಗಿ ತೂತಿನ ಈಚೆಗೆ ಬಂತು, ತಲೆ ಮೇಲೆದ್ದಿತು, ಬಾಯಿಯಿಂದ ನೀರು ಉಗುಳಿತು, ಕೈ ಬಡಿಯುತ್ತ ಅಂಚಿಗೆ ಹೋಯಿತು. ಫ್ರೌಕ್ಯೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮಗು ಗೆದ್ದರೆ ಮಗುವಿನ ಬಳಗಕ್ಕೆಲ್ಲ ಅಭಿನಂದನೆ ಹೇಳುವುದು ನಮ್ಮ ಪದ್ಧತಿ. ಪಕ್ಕದಲ್ಲಿದ್ದ ಗಡ್ಡದ ಅಪ್ಪನೊಬ್ಬ ಕೈ ಚಾಚಿದ. "ಅಭಿನಂದನೆ ಕಣ್ರೀ, ನಿಮ್ಮಕ್ಕನ ಮಗಳು ಮೀನಿನ ಹಾಗೆ ಈಜಿದ್ಲು."

"ಥ್ಯಾಂಕ್ಸ್," ಅಂದಳು ಫ್ರೌಕ್ಯೆ, ಕೈ ಕುಲುಕಿದಳು. ಅವನ ಹೆಂಡತಿಯೂ ಕುಲುಕಿದಳು. ಇನ್ನೊಬ್ಬರು ಬಂದರು. ಎಲ್ಲರಿಗೂ ಥ್ಯಾಂಕ್ಸ್ ಅಂದಳು. ನನಗೆ ಆ ಹುಡುಗಿಯನ್ನು ಮತ್ತೆ ನೀರಿಗೆ ತಳ್ಳಿಬಿಡಬೇಕು ಅನ್ನಿಸುತ್ತಿತ್ತು.

ನೀಂಕೆ ಏಣಿ ಹತ್ತಿ ಮೇಲೆ ಬಂದಳು. ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು, ಬೂಟು ಪಚಪಚ ಅನ್ನುತ್ತಿತ್ತು, ತುಟಿ ನೀಲಿಗಟ್ಟಿತ್ತು. ಸುತ್ತ ಯಾರಿದ್ದಾರೆ ಅಂತ ನೋಡಲಿಲ್ಲ.

"ಅಮ್ಮಾ, ಚಳಿ!" ಅಂತ ಕಿರುಚಿದಳು. "ಅಮ್ಮಾ, ಟವೆಲ್ ಕೊಡು!"

ಗಡ್ಡದವನ ಕೈ ಅರ್ಧದಲ್ಲೇ ನಿಂತಿತು. ಫ್ರೌಕ್ಯೆಯ ಹತ್ತಿರ ಟವೆಲ್ ಇರಲಿಲ್ಲ. ಕೋಟು ಕಳಚಿದಳು, ಮಗಳನ್ನು ಅದರಲ್ಲಿ ಸುತ್ತಿದಳು, ಎತ್ತಿ ಎದೆಗೆ ಒತ್ತಿಕೊಂಡಳು. ಅವಳ ಅಂಗಿಯೂ ಲಂಗವೂ ತೊಯ್ದು ತೊಪ್ಪೆಯಾದವು. ಟೀಚರು ಒಂದು ಗಳಿಗೆ ನೋಡಿದಳು.

"ಹಡಗು ಬಂತಾ?" ಅಂತ ಮೆಲ್ಲನೆ ಕೇಳಿದಳು.

"ಬಂತು," ಅಂದಳು ಫ್ರೌಕ್ಯೆ, ಮಗಳ ಒದ್ದೆ ತಲೆಯ ಮೇಲಿಂದ. "ಬಹಳ ತಡ ಆಯ್ತು."

ಟೀಚರು ಕೋಲನ್ನು ಗೋಡೆಗೆ ಒರಗಿಸಿ ಬಂದು ಕೈ ಚಾಚಿದಳು. ಗಡ್ಡದವನೂ, ಅವನ ಹೆಂಡತಿಯೂ, ಆಗಲೇ ಒಂದು ಸಲ ಕುಲುಕಿ ಹೋದವರೆಲ್ಲರೂ ಸಾಲಾಗಿ ಬಂದು, ಈಗ ಅಮ್ಮನಿಗೆ ಅಂತ, ಮೊದಲಿಂದ ಕೈ ಕುಲುಕಿದರು.